ಏಳನೆಯ ಎಣಿಕೆ

ನಮ್ಮ ಬೀದಿಯ ದರ್ಜಿಗೆ ‘ಗಡಿಯಾರ’ ಎಂದು ಅಡ್ಡಹೆಸರಿಟ್ಟವನು ನಾನು. ಗೌರವದಿಂದಲ್ಲ, ಚುಚ್ಚುವುದಕ್ಕೆ. ಇಪ್ಪತ್ತರ ವಯಸ್ಸಿನಲ್ಲಿ ನಾವು ನಾಲ್ವರು ಕಟ್ಟಿದ ರಾಕ್ ತಂಡದಲ್ಲಿ ಅವನು ಡ್ರಮ್ಸ್, ನಾನು ಕೀಬೋರ್ಡ್.

ಯೌವನದ ಮೇಲೆ ಹನ್ನೊಂದು ನಿಮಿಷದ ಒಂದು ಹಾಡು ಮಾಡಿದ್ದೆವು. ಪ್ರೋಗ್ರೆಸಿವ್ ರಾಕ್ ಎಂದರೆ ಹಾಗೆಯೇ, ಒಂದೇ ಹಾಡಿನೊಳಗೆ ನಾಲ್ಕು ಹಾಡು. ಮೊದಲು ಜೋಗುಳದಷ್ಟು ಮೆಲ್ಲಗೆ ನನ್ನ ಕೀಬೋರ್ಡ್, ಆಮೇಲೆ ಗಿಟಾರಿನ ಜಗಳ, ನಡುವೆ ಏಳೇಳು ಎಣಿಕೆಯ ಓಟ, ಕೊನೆಗೆ ಮತ್ತೆ ಅದೇ ಜೋಗುಳ, ಆದರೆ ಸುಸ್ತಾಗಿ. ಏಳರ ಉಪಾಯ ಅವನದು.

“ಎಂಟಾದ್ರೆ ಕಾಲೂರಿ ನಿಲ್ಲಬಹುದು. ಏಳಕ್ಕೇ ಮುಗಿದ್ರೆ ನಿಲ್ಲೋಕಾಗಲ್ಲ, ಓಡಲೇಬೇಕು. ನಮ್ಮ ವಯಸ್ಸೂ ಹಾಗೇ ಅಲ್ವಾ?” ಎಂದಿದ್ದ.

ರೆಕಾರ್ಡಿಂಗ್ ದಿನ ಆ ಓಟವೇ ಮುಗ್ಗರಿಸಿತು. ತಾಳ ತಪ್ಪಿದವನು ಅವನೇ, ಕೆಟ್ಟುಹೋದ ಗಡಿಯಾರ ಎಂದು ಕೂಗಾಡಿದೆ. ಉಳಿದಿಬ್ಬರು ನನ್ನ ಕಡೆ ಸೇರಿದರು. ವಾರದೊಳಗೆ ಅವನನ್ನು ತಂಡದಿಂದ ಹೊರಹಾಕಿದೆವು. ಅವನು ಮತ್ತೆ ಡ್ರಮ್ಸ್ ಮುಟ್ಟಲಿಲ್ಲ. ಅಪ್ಪನ ಹೊಲಿಗೆ ಯಂತ್ರದ ಮುಂದೆ ಕುಳಿತ. ನಾನು ಸಂಗೀತದ ಮೇಷ್ಟರಾದೆ. ಮೂವತ್ತು ವರ್ಷ ಅವನ ಬಳಿಯೇ ಪ್ಯಾಂಟು ಹೊಲಿಸಿದೆ. ಅವನು ಸೊಂಟದಳತೆ ತೆಗೆಯುವಾಗಲೆಲ್ಲ, “ಗಡಿಯಾರ, ಈ ಸಲನಾದ್ರೂ ಎಣಿಕೆ ತಪ್ಪಬೇಡಪ್ಪ” ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಮೊನ್ನೆ ಮಗಳು ಆ ದಿನದ ರೆಕಾರ್ಡಿಂಗಿನ ಹಳೇ ಕ್ಯಾಸೆಟ್ ಹಾಕಿ, ಊಟದ ಮೇಜಿನ ಮೇಲೆ ಬೆರಳು ಬಡಿಯುತ್ತ ಕೇಳಿದಳು. ಓಟ ಬರುವಲ್ಲಿ ಎರಡು ಸಲ ಹಿಂದಕ್ಕೆ ತಿರುಗಿಸಿದಳು.

“ಅಪ್ಪಾ, ಡ್ರಮ್ಸ್ ಸರಿಯಾಗೇ ಇದೆ. ನೀನು ಏಳು ಮುಗಿಯೋ ಮೊದಲೇ, ಆರಕ್ಕೇ ಬಂದುಬಿಟ್ಟಿದ್ದೀಯ. ಗಿಟಾರು ನಿನ್ನ ಹಿಂದೆ ಓಡಿದೆ.”

ನಾನೂ ಎಣಿಸಿದೆ. ಆರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಆಚೆಗೆ ಎಸೆದಿದ್ದೆ. ನಾಚಿಕೆಯಿಂದ ಮಗಳ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲೇಬೇಕೆಂದು ಅಂಗಡಿಗೆ ಹೋದೆ. ಅವನು ಅಂಗಿಗೆ ಗುಂಡಿ ಹೊಲಿಯುತ್ತಿದ್ದ.

“ಅವತ್ತು ತಪ್ಪಿದ್ದು ನಾನು ಕಣೋ,” ಎಂದೆ.

“ಗೊತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ಮೂರು ಸಲ ಹೇಳ್ದೆ. ನೀನು ಕೂಗ್ತಾ ಇದ್ದೆ.” ಅವನು ಹಲ್ಲಿನಿಂದ ದಾರ ಕಡಿದ.

ಅವನ ನಿಜವಾದ ಹೆಸರು ಹಿಡಿದು ಕರೆದು, ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು.

“ಗಡಿಯಾರಣ್ಣಾ, ನಮ್ಮನೆಯವರ ಅಂಗಿ ಆಯ್ತಾ?”

“ಆಯ್ತಮ್ಮ, ಬಾ,” ಎಂದು ಅವನು ಎದ್ದ. ಹುಟ್ಟಿದಾಗ ಇಟ್ಟ ಹೆಸರೇನೋ ಎಂಬಷ್ಟು ಸಲೀಸಾಗಿ ಓಗೊಟ್ಟ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.