ಹಡ್ಸನ್ ದಡದಲ್ಲಿ ಎಳ್ಳುನೀರು

ನೀರನ್ನೂ ಎಳ್ಳನ್ನೂ ಕೊಟ್ಟು, ಅಗಲಿದವರನ್ನು ನೆನೆಯುವ ದಾರಿಯನ್ನು ಕಲಿಸಿದ ಭಗವಂತನಿಗೆ ಮೊದಲು ವಂದನೆ.

ನಿನ್ನೆ ಅಮಾವಾಸ್ಯೆಗೆಂದು ಕರಿಯೆಳ್ಳಿನ ಡಬ್ಬಿ ತೆರೆದಾಗ ಬಂದ ಕಮಟು ವಾಸನೆಗೆ, ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ನಮ್ಮ ನೆರೆಯವರಾಗಿದ್ದ ಮುದುಕರೊಬ್ಬರು ನೆನಪಾದರು...

ಬ್ಯಾಂಕುಗಳು ಒಂದೊಂದಾಗಿ ಕುಸಿಯುತ್ತಿದ್ದ ವರ್ಷಗಳವು. ನಾನಿದ್ದುದು ಮಗಳ ಮನೆಯಲ್ಲಿ; ಅಳಿಯನ ಕೆಲಸ ಹೋಗಿತ್ತು. ಬೀದಿಯ ಕೆಲವು ಮನೆಗಳು ಬ್ಯಾಂಕಿನ ಪಾಲಾಗಿದ್ದವು. ಯಾರು ಯಾರ ಮನೆಯತ್ತ ನೋಡಿದರೂ ಸಂಶಯ. ನಾನು ಹಿತ್ತಿಲಲ್ಲಿ ತರ್ಪಣ ಕೊಡುವಾಗಲೆಲ್ಲ ಎಂಬತ್ತು ದಾಟಿದ್ದ ಆ ನೆರೆಯವರು ಬೇಲಿಯಾಚೆ ಅಲುಗದೆ ನಿಂತು ನೋಡುತ್ತಿದ್ದರು. ಮುಗಿದೊಡನೆ ಒಳಗೆ ಹೋಗುತ್ತಿದ್ದರು.

“ಅಪ್ಪ, ಒಳಗೇ ಮಾಡ್ಕೊಳ್ಳಿ. ಅವ್ರು ಟೌನ್‌ಶಿಪ್ ಆಫೀಸ್‌ಗೆ ಕಂಪ್ಲೇಂಟ್ ಮಾಡಿದ್ರೆ? ಅದೊಂದು ಬಾಕಿ ಇದೆ ನಮಗೆ,” ಎಂದಳು ಮಗಳು.

ಮುಂದಿನ ಅಮಾವಾಸ್ಯೆಗೆ ಕಾರಿನ ಗ್ಯಾರೇಜಿನಲ್ಲಿ ಹರಿವಾಣವಿಟ್ಟು ತರ್ಪಣ ಮುಗಿಸಿದೆ. ಬಾಗಿಲೆತ್ತಿದರೆ ಅವರು ನಮ್ಮ ಡ್ರೈವ್‌ವೇಯಲ್ಲೇ ನಿಂತಿದ್ದರು.

ಈ ನೀರು ಯಾರಿಗೆ ಎಂದು ಕೇಳಿದರು. ತೀರಿಹೋದ ಹಿರಿಯರಿಗೆ, ಹೆಸರು ಹಿಡಿದು ಕೊಡುವುದು ಎಂದೆ. ಆಗ ಅವರು ತಮ್ಮ ಅಜ್ಜನ ಸಂಗತಿ ಹೇಳಿದರು. ಆತ ಸ್ವೀಡನ್ನಿನಲ್ಲಿ ಪರರ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಯಾಳು. ನ್ಯೂಯಾರ್ಕಿಗೆ ಹೊರಟ ಹಡಗು ನಡುಗಡಲಲ್ಲಿ ಮುಳುಗಿತು; ದೇಹ ಸಿಗಲಿಲ್ಲ. ಅಜ್ಜಿ ನಂಬಲಿಲ್ಲ. ಬದುಕುಳಿದವರೊಡನೆ ದಡ ಸೇರಿ, ಹೆಸರು ಬದಲಿಸಿಕೊಂಡು, ಬೇರೆ ಸಂಸಾರ ಹೂಡಿದ್ದಾನೆಂದೇ ಆಕೆಯ ಗುಮಾನಿ. ಮಗನನ್ನು ಎತ್ತಿಕೊಂಡು ತಾನೂ ಬಂದಳು. ನ್ಯೂಜೆರ್ಸಿಯ ಹೊಲಗಳಲ್ಲಿ ಬಗ್ಗಿ ದುಡಿಯುವ ಆಳುಗಳ ಮುಖದಲ್ಲೆಲ್ಲ ಗಂಡನನ್ನು ಹುಡುಕಿದಳು. ಕಡೆಯತನಕ ಅವನಿಗಾಗಿ ಅಳಲಿಲ್ಲ. ಮನೆಯಲ್ಲಿ ಅವನ ಹೆಸರೆತ್ತಗೊಡಲಿಲ್ಲ. ಈಗ ಆ ವಂಶದಲ್ಲಿ ಉಳಿದವರು ಇವರೊಬ್ಬರೇ. ಇವರೂ ಹೋದರೆ ಅಜ್ಜ ಸತ್ತನೆಂದು ಹೇಳುವವರೇ ಇಲ್ಲ...

“ಹುಷಾರು ಅಪ್ಪ, ಇವ್ರಿಗೆ ನಿಜವಾಗ್ಲೂ ಏನ್ ಬೇಕೋ,” ಎಂದು ಒಳಗಿಂದ ಬಂದು ನಿಂತಿದ್ದ ಮಗಳು ಕನ್ನಡದಲ್ಲಿ ಪಿಸುಗುಟ್ಟಿದಳು. ಕಥೆ ಕಟ್ಟುತ್ತಿರಬಹುದೇ ಎಂದು ನನಗೂ ಸುಳಿಯದೆ ಇರಲಿಲ್ಲ.

ಅಷ್ಟರಲ್ಲಿ ಅವರು ಕೇಳಿದರು: “ಆತ ಮೋಸಗಾರನೇ ಆಗಿದ್ದರೆ ನೀರು ಕೊಡಬಾರದೆ?”

ತರ್ಪಣದ ಕೊನೆಯಲ್ಲಿ ದಿಕ್ಕಿಲ್ಲದವರಿಗೂ ಒಂದು ಬೊಗಸೆ ಉಂಟೆಂದು, ಅಲ್ಲಿ ಯಾರ ನಡತೆಯ ವಿಚಾರಣೆಯೂ ಇಲ್ಲವೆಂದು ನನ್ನ ಗುರುಗಳು ಕಲಿಸಿದ್ದರು. ಹಾಗೆಂದೇ ಹೇಳಿದೆ. “ಹೆಸರೊಂದನ್ನು ಹೇಳಿ, ಸಾಕು.”

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮಗಳು ನಮ್ಮಿಬ್ಬರನ್ನೂ ಹಡ್ಸನ್ ನದಿಯ ದಡದ ಹೋಬೋಕನ್‌ಗೆ ಕರೆದೊಯ್ದಳು. ಆ ಹಡಗು ತಲುಪಬೇಕಿದ್ದ ನೀರು ಅದು. ಫೆರ್ರಿ ದೋಣಿಗೆ ಧಾವಿಸುತ್ತಿದ್ದವರು ನಮ್ಮನ್ನು ಸಂಶಯದಿಂದ ತಿರುಗಿ ನೋಡಿದರು. ನೆರೆಯವರ ಅಂಗೈಯಲ್ಲಿ ಎಳ್ಳಿಟ್ಟು ನೀರೆರೆದೆ. ತುಟಿ ಕದಲಿತು, ಹೆಸರು ಬರಲಿಲ್ಲ, ನೀರು ಸೋರಿಹೋಯಿತು. ಮತ್ತೆ ಎರೆದೆ. ಆಗ, ಹೊಲದಾಚೆ ಇರುವವನನ್ನು ಊಟಕ್ಕೆ ಕರೆಯುವಂತೆ, ಗಟ್ಟಿಯಾಗಿ ಹೆಸರು ಹಿಡಿದು ಕೂಗಿದರು.

ಆ ಚಳಿಗಾಲದಲ್ಲಿ ಅವರೂ ಹೋದರು.

ನಿನ್ನೆ ಹಿತ್ತಿಲಲ್ಲೇ ಕೊನೆಯ ಬೊಗಸೆಯನ್ನು ಆ ಅಜ್ಜ, ಮೊಮ್ಮಗ ಇಬ್ಬರ ಹೆಸರಿನಲ್ಲೂ ಬಿಟ್ಟೆ. ಕಣ್ಣು ಬೇಲಿಯತ್ತ ಹೋಯಿತು. ಅಲ್ಲಿ ಯಾರೂ ಇರಲಿಲ್ಲ...

ಮುಳುಗಿದವನಿಗೂ, ನಂಬದೆ ಹುಡುಕಿದವಳಿಗೂ, ಹೆಸರು ಹಿಡಿದು ಕರೆದವರಿಗೂ, ಸಂಶಯಪಡುತ್ತಲೇ ಕಾರು ನಡೆಸಿದ ನನ್ನ ಮಗಳಿಗೂ ಒಳಿತಾಗಲಿ.