ಧಾರಾ ಮುಹೂರ್ತದ ತೆಳುಗೀಟು

ದಪ್ಪಗೆರೆ ಹೆಬ್ಬೆರಳಷ್ಟು, ತೆಳುಗೆರೆ ಕೂದಲಷ್ಟು ಇರುವ ಫಾಂಟು ಅದು. ಶಿಡ್ಲಘಟ್ಟದ ನಮ್ಮ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ತಲೆಬರಹಕ್ಕೆ ಬಿಟ್ಟರೆ ಬೇರೆಲ್ಲೂ ಹಾಕುತ್ತಿರಲಿಲ್ಲ. ದೊಡ್ಡದಾಗಿ ಕೂರಿಸಿದರೆ ಜರಿಸೀರೆ ಉಟ್ಟವಳ ಗತ್ತು. ಚಿಕ್ಕದು ಮಾಡಿದರೆ ತೆಳುಗೆರೆಗಳೆಲ್ಲ ಮಾಯ, ದಪ್ಪಗೆರೆಗಳಷ್ಟೇ ಅಲ್ಲಲ್ಲಿ ಬಿದ್ದಿರುತ್ತವೆ. ಮೇಲೆ ಥಳುಕು, ಒಳಗೆ ಹುಳುಕು. ನನಗೆ ಅದರ ಮೇಲೆ ಪ್ರೀತಿ. ನನ್ನ ಬುದ್ಧಿಯೂ ಹೆಚ್ಚುಕಡಿಮೆ ಹಾಗೇ.

ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು. ತಪ್ಪು ತಿದ್ದುವವರು ಚಾಚಾ, ಮನೆಯಲ್ಲಿ ಉರ್ದು ಮಾತಾಡುವ ಹಿರಿಯರು. ನಮ್ಮ ಸೀಮೆಯವರ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ, ಧನವೂ ದನವೇ. ಚಾಚಾ ಮಾತ್ರ ತುಂಬು ಉಸಿರಿನಲ್ಲಿ ‘ಧ’ ಅನ್ನುತ್ತಿದ್ದರು. ನಾನು ಓದಿದಾಗಲೆಲ್ಲ “ಉಸಿರೆಲ್ಲಿ ಹೋಯ್ತಮ್ಮ?” ಎಂದು ತಡೆಯುತ್ತಿದ್ದರು. ಏಳು ವರ್ಷ ತಡೆದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜನ ವಾಟ್ಸಾಪಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೆ ಪ್ರೆಸ್ಸಿನ ಯಜಮಾನರು, ಇನ್ನು ನಿಮ್ಮಿಬ್ಬರಲ್ಲಿ ಒಬ್ಬರು ಸಾಕು ಎಂದರು. ಅಷ್ಟರಲ್ಲಿ ಚಾಚಾರ ಕಣ್ಣಿಗೆ ಪೊರೆ ಬಂದಿತ್ತು. ಗೊತ್ತಿದ್ದದ್ದು ನನಗೊಬ್ಬಳಿಗೇ. ಲಗ್ನದ ಸೀಸನ್ ಮುಗಿದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ಯಜಮಾನರಿಗೆ ಹೇಳಬೇಡ ಎಂದು ಕೇಳಿಕೊಂಡಿದ್ದರು. ನಾನು ಹೇಳಲಿಲ್ಲ.

ಒಬ್ಬ ರೇಷ್ಮೆ ವ್ಯಾಪಾರಿಯ ಮಗಳ ಮದುವೆ ಕಾರ್ಡು ಬಂತು. ಇಡೀ ಕಾರ್ಡನ್ನು ಅದೇ ಫಾಂಟಿನಲ್ಲಿ, ಚಿಕ್ಕದಾಗಿ ಕೂರಿಸಿದೆ. ‘ಧಾರಾ ಮುಹೂರ್ತ’ದಲ್ಲಿ ಧ ಬದಲು ಬೇಕೆಂದೇ ದ ಹಾಕಿದೆ. ಎರಡಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಬೇರೆ ಫಾಂಟಿನಲ್ಲಾದರೆ ಚಾಚಾ ಹೇಗೋ ಹಿಡಿಯುತ್ತಿದ್ದರು. ಇದರಲ್ಲಿ ಆ ಗೀಟು ಇದ್ದರೂ ಅವರಿಗೆ ಕಾಣದು, ಇಲ್ಲದಿದ್ದರೂ ಕಾಣದು. ಪ್ರೂಫನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ನನಗೇ ಕೊಟ್ಟರು.

“ನೀನೇ ಓದಮ್ಮ.”

ಹೊಟ್ಟೆಯಿಂದ ಉಸಿರೆಳೆದು ಓದಿದೆ: ಧಾರಾ ಮುಹೂರ್ತ. ಆ ಅಕ್ಷರ ಅಷ್ಟು ಶುದ್ಧವಾಗಿ ನನ್ನ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಚಾಚಾರ ಮುಖ ಅರಳಿತು. “ಈಗ ಬಂತು ನೋಡು” ಎಂದು ಸಹಿ ಹಾಕಿದರು.

ಕಾರ್ಡು ಊರೆಲ್ಲ ಹಂಚಿದ ಮೇಲೆ ವ್ಯಾಪಾರಿ ಬಂದು ಒಂದನ್ನು ಮೇಜಿನ ಮೇಲೆ ಎಸೆದರು.

“ನಮ್ಮನೇಲಿ ಮದ್ವೆ ಮಾಡ್ತಿದ್ದೀವಾ, ದಾರ ಸುತ್ತುತ್ತಿದ್ದೀವಾ?”

ಯಜಮಾನರು ಪ್ರೂಫಿನ ಸಹಿ ನೋಡಿದರು. ಇದನ್ನು ನೀವೇ ನೋಡಿದಿರೋ, ಯಾರಾದರೂ ಓದಿ ಹೇಳಿದರೋ ಎಂದು ಚಾಚಾರನ್ನು ಕೇಳಿದರು. ಚಾಚಾ ನನ್ನ ಕಡೆ ತಿರುಗಿದರು. ಆ ಕಣ್ಣಿಗೆ ನಾನು ಎಷ್ಟು ಕಂಡೆನೋ.

“ನಾನೇ ನೋಡಿದ್ದು ಸಾರ್.”

ನನ್ನನ್ನು ಉಳಿಸಲು ಹಾಗೆಂದರೋ, ಕಣ್ಣಿನ ಗುಟ್ಟು ಉಳಿಸಿಕೊಳ್ಳಲೋ, ತಿಳಿಯದು. ನಾಚಿಕೆಯಾಯಿತು, ಸುಳ್ಳಲ್ಲ, ಆದರೆ ನಿಜ ಬಾಯಿ ಬಿಡುವಷ್ಟು ಆಗಲಿಲ್ಲ. ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು. ಹೊರಡುವಾಗ ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, “ಇನ್ಮೇಲೆ ಎಲ್ಲಾ ನೀನೇ ನೋಡ್ಬೇಕು. ಕಣ್ಣು ಜೋಪಾನ ಕಣಮ್ಮ” ಎಂದರು.

ಮರುದಿನ ಅವರ ಕುರ್ಚಿಯನ್ನು ನನ್ನ ಮೇಜಿಗೆ ಎಳೆದುಕೊಂಡೆ. ನನ್ನದಕ್ಕಿಂತ ಅದು ಮೆತ್ತಗಿತ್ತು.