ಟ್ಯಾಂಕ್ ಇಲ್ಲದ ಐದು ತಿಂಗಳು

ಹಳತಾಗಿ ಕೆಟ್ಟ ಪೆಟ್ರೋಲಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಬಂಕಿನಲ್ಲಿ ಮೂಗಿಗೆ ಬಡಿಯುವ ಚುರುಕು ವಾಸನೆಯಲ್ಲ ಅದು. ಎಷ್ಟೋ ವರ್ಷ ಮುಚ್ಚಿಟ್ಟ ವಾರ್ನಿಷ್ ಡಬ್ಬಿ ತೆರೆದಂತಿರುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ವಿಜಯನಗರದಿಂದ ಅತ್ತಿಗೆ ಫೋನ್ ಮಾಡಿದರು. “ಮನೆಯೆಲ್ಲ ವಾಸ್ನೆ ಕಣೋ. ಮೇಲಿನ ಬಾಡಿಗೆಯವರು ಗ್ಯಾಸ್ ಲೀಕ್ ಅಂತ ಹೆದರ್ಕೊಂಡಿದಾರೆ. ನಿಮ್ಮಣ್ಣನ ಗಾಡೀದು ಅನ್ಸತ್ತೆ. ಬಂದು ಟ್ಯಾಂಕ್ ಬಿಚ್ಚಿ ಖಾಲಿ ಮಾಡ್ಕೊಡ್ತೀಯಾ?” ಎಂದರು. “ನಿಂಗೆ ಬರತ್ತಲ್ಲ” ಎಂದು ಸೇರಿಸಿದರು.

ಬರುತ್ತದೆ. ಮನೆಯ ಬಲ್ಬು ಬದಲಾಯಿಸುವುದಕ್ಕೂ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸುವವನು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು, ಸೀಮೆಸುಣ್ಣಕ್ಕಿಂತ ಭಾರವಾದ ಉಪಕರಣ ಹಿಡಿದವನಲ್ಲ. ಯಂತ್ರಗಳ ಲೋಕದಲ್ಲಿ ನನಗೆ ಬರುವ ಕೆಲಸ ಅದೊಂದೇ, ಹಳೆಯ ಮೋಟರ್ ಸೈಕಲ್ಲಿನ ಟ್ಯಾಂಕ್ ಬಿಚ್ಚಿ ಮತ್ತೆ ಕೂರಿಸುವುದು. ಅದನ್ನು ಕಲಿಸಿದವನು ಅಣ್ಣ.

ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ಅವನ ಕೆಲಸ. ಕೂದಲೆಳೆಯ ವ್ಯತ್ಯಾಸವಿದ್ದರೂ ಪಕ್ಕಕ್ಕೆಸೆಯುತ್ತಿದ್ದ. ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದ ಎಂದು ನಾನು ಹಿಂದಿನಿಂದ ಆಡಿಕೊಳ್ಳುತ್ತಿದ್ದೆ. ಮದುವೆಗೆ ಮುಂಚೆಯೇ ಯಾರಿಂದಲೋ ಕೊಂಡ ಜೋಡಿ ಸೈಲೆನ್ಸರಿನ ಗಾಡಿ ಅವನದು; ಟ್ಯಾಂಕಿನ ಬಣ್ಣ ನೇರಳೆಹಣ್ಣಿನದು. ಸಂಜೆ ಅದರ ಸದ್ದು ತಿರುವಿನಲ್ಲಿ ಕೇಳಿಸಿದ ಮೇಲೆಯೇ ಅತ್ತಿಗೆ ಕಾಫಿಗೆ ಹಾಲು ಕಾಯಿಸಲು ಇಡುತ್ತಿದ್ದರು. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಒಂಬತ್ತನೇ ತರಗತಿ. ಲೆಕ್ಕದಲ್ಲಿ ಫೇಲಾದದ್ದನ್ನು ಅಣ್ಣನಿಂದ ಮುಚ್ಚಿಟ್ಟು ಕಾಪಾಡಿದವರೂ ಅವರೇ. ಗಾಡಿಯನ್ನು ಮುಟ್ಟಲು ಅಣ್ಣ ನನಗೆಂದೂ ಬಿಡಲಿಲ್ಲ. “ನಿನ್ನ ಕೈ ಪುಸ್ತಕ ತಿರುವಕ್ಕೆ ಸರಿ ಕಣೋ” ಎನ್ನುತ್ತಿದ್ದ.

ನಿವೃತ್ತಿಯಾದ ಎಂಟನೇ ವರ್ಷ ಅವನ ಬಲಗೈ ಹೆಬ್ಬೆರಳು ತಾನಾಗಿ ಅದುರಲು ತೊಡಗಿತು. ಪಾರ್ಕಿನ್ಸನ್ ಎಂದರು ಡಾಕ್ಟರು. ಗಾಡಿ ಬಿಡಬಾರದು ಎಂದೂ ಹೇಳಿದರು. ಅತ್ತಿಗೆ ಬೀಗದ ಕೈ ಬಚ್ಚಿಟ್ಟರು. ಅವನ ಹತ್ತಿರ ಇನ್ನೊಂದಿತ್ತು. ಒಂದು ದಿನ ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ಗಾಡಿ ಸಮೇತ ಬಿದ್ದವನನ್ನು ಆಟೋದವನೊಬ್ಬ ಮನೆಗೆ ತಂದುಬಿಟ್ಟ. ಮೊಣಕೈ ತರಚಿತ್ತು, ಅಷ್ಟೇ. ಆಡಬೇಕಾದ ಮಾತುಗಳೆಲ್ಲ ಅವತ್ತು ಆ ಮನೆಯಲ್ಲಿ ಆದವಂತೆ.

ಒಂದು ತಿಂಗಳ ಮೇಲೆ ಅಣ್ಣನೇ ಫೋನ್ ಮಾಡಿದ. “ಟ್ಯಾಂಕ್ ತೊಟ್ಟಿಕ್ತಾ ಇದೆ. ನನ್ನ ಕೈಲಿ ಆಗಲ್ಲ. ಬಾ, ನಾನು ಹೇಳ್ತೀನಿ, ನೀನು ಮಾಡು.”

ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ಬಡ್ತಿ ಸಿಕ್ಕಿತ್ತು. ಅವನು ಮೆಟ್ಟಿಲ ಮೇಲೆ ಕೂತ. ನಾನು ನೆಲದಲ್ಲಿ ಮಂಡಿಯೂರಿದೆ. ಕಾರ್ಬುರೇಟರಿಗೆ ಹೋಗುವ ಪೈಪು ಕಿತ್ತು, ಡಬ್ಬಕ್ಕೆ ಪೆಟ್ರೋಲ್ ಇಳಿಸಿ, ಸೀಟು ತೆಗೆದೆ. ಸೀಟಿನಡಿ ಒಂದು ಬೋಲ್ಟು, ಮುಂದೆ ಹ್ಯಾಂಡಲಿನ ಬಳಿ ಎರಡು. ಒಂದೊಂದಕ್ಕೂ ರಬ್ಬರಿನ ವಾಷರು. “ಕಳೀಬೇಡ. ಯಾವುದು ಎಲ್ಲೀದು ಅಂತ ಸಾಲಾಗಿಡು. ಹಿಂದೆ ಮೊದಲು ಎತ್ತು. ಎಳೀಬೇಡ, ಎತ್ತು. ಹ್ಞಾ, ಈಗ ನಿನ್ನ ಕಡೆ ತಗೊ.” ಟ್ಯಾಂಕು ಕೈಗೆ ಬಂತು. ಅದರಡಿ ಇದ್ದದ್ದು ಬರಿಯ ಕಬ್ಬಿಣದ ಕೊಳವೆ, ನಾಲ್ಕು ವೈರು, ವರ್ಷಗಟ್ಟಲೆಯ ಮಣ್ಣು. ಅಣ್ಣ ಮುಖ ತಿರುಗಿಸಿದ. “ಹಿಂಗೆ ನೋಡಕ್ಕಾಗಲ್ಲ. ಮೇಲೊಂದು ಬಟ್ಟೆ ಹಾಕು” ಎಂದ.

ಹಲಸಿನ ಹಣ್ಣು ಹೊತ್ತವನಂತೆ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಾಪೂಜಿ ನಗರದ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ಮೂರು ಸಲ ನೀರು ತುಂಬಿಸಿ ತೊಳೆದು, ತೂತು ಮುಚ್ಚಿ, ನಾಲ್ಕನೇ ದಿನ ಕೊಟ್ಟ. ಅದೇ ಸಂಜೆ ಅತ್ತಿಗೆ ಬಸವೇಶ್ವರನಗರದ ನಮ್ಮ ಮನೆಗೆ ಬಂದರು. ಕೂರಲಿಲ್ಲ.

“ಅದನ್ನ ತರಬೇಡ ಕಣೋ. ಟ್ಯಾಂಕಿಲ್ದಿದ್ರೆ ಅವರು ಗಾಡಿ ತೆಗೆಯಲ್ಲ. ಇನ್ನೊಂದ್ಸಲ ಬಿದ್ರೆ ಎತ್ಕೊಂಡು ಬರೋಕೆ ಯಾರಿದಾರೆ?”

“ಏನು ಹೇಳ್ಲಿ ಅತ್ತಿಗೆ?”

“ಏನಾದ್ರೂ ಹೇಳು. ಮೇಷ್ಟ್ರಲ್ವಾ ನೀನು.”

ಒಂದು ಸಾಮ್ರಾಜ್ಯ ಬಿದ್ದುದಕ್ಕೆ ಏಳು ಕಾರಣ ಕೊಡುವ ಇತಿಹಾಸದ ಮೇಷ್ಟ್ರಿಗೆ ಒಂದು ಟ್ಯಾಂಕ್ ಬಾರದುದಕ್ಕೆ ಕಾರಣ ಸಿಗದೆ ಇರುತ್ತದೆಯೇ? ಪ್ರತಿ ಶನಿವಾರ ಅಣ್ಣನ ಫೋನು ಬರುತ್ತಿತ್ತು. ವೆಲ್ಡಿಂಗಿನವನು ಊರಿಗೆ ಹೋಗಿದ್ದಾನೆ ಎಂದೆ. ಗ್ಯಾಸ್ ಸಿಲಿಂಡರ್ ಬಂದಿಲ್ಲ ಎಂದೆ. ಅವನ ಮಗಳ ಮದುವೆಯನ್ನೂ ಮಾಡಿಸಿದೆ. ಟ್ಯಾಂಕು ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ನಮ್ಮ ಮಂಚದಡಿ ಇತ್ತು. ಹೆಂಡತಿ ಕಸ ಗುಡಿಸುವಾಗಲೆಲ್ಲ ಪೊರಕೆಯ ಹಿಡಿ ತಾಗಿ ಡಣ್ ಎನ್ನುತ್ತಿತ್ತು. ಅಣ್ಣ ಒಂದು ಸಲವೂ ರೇಗಲಿಲ್ಲ. “ಆಯ್ತು, ಕೇಳ್ತಿರು” ಎಂದು ಫೋನಿಡುತ್ತಿದ್ದ. ಅಳತೆಯಲ್ಲಿ ಕೂದಲೆಳೆ ತಪ್ಪಿದರೆ ಹಿಡಿಯುತ್ತಿದ್ದವನು ನನ್ನ ಸುಳ್ಳನ್ನು ಹಿಡಿಯಲಿಲ್ಲವಲ್ಲ ಎಂದು ಆಗ ಸಮಾಧಾನವೇ ಆಗಿತ್ತು, ನೋಡಿ.

ಐದನೇ ತಿಂಗಳು, ಒಂದು ಮಧ್ಯಾಹ್ನ, ಬಾಗಿಲು ತೆರೆದರೆ ಅಣ್ಣ. ಒಬ್ಬನೇ ಬಸ್ಸು ಹತ್ತಿ ಬಾಪೂಜಿ ನಗರಕ್ಕೆ ಹೋಗಿ, ಅಂಗಡಿ ಹುಡುಕಿ, ಅಲ್ಲಿಂದ ನಮ್ಮ ಮನೆಗೆ ಬಂದಿದ್ದ. ಕೂತು ಉಸಿರು ಹದಕ್ಕೆ ಬಂದ ಮೇಲೆ, “ಅವನಿಗೆ ಇರೋದು ಒಬ್ಬನೇ ಮಗ. ಮಗಳಿಲ್ಲ” ಎಂದ.

ನಾನು ಹೋಗಿ ಮಂಚದಡಿಯಿಂದ ಟ್ಯಾಂಕು ತಂದು ಅವನ ಮುಂದಿಟ್ಟೆ. ಅವನು ಬೆಡ್‌ಶೀಟು ಬಿಚ್ಚಿ ನೋಡಲಿಲ್ಲ.

“ಓಡಿಸ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ಆದ್ರೆ ನನ್ನನ್ನ ಕೇಳ್ಬೋದಿತ್ತು ಕಣೋ” ಎಂದ.

ಸುಮ್ಮನಿರಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: “ಅತ್ತಿಗೆ ಹೇಳಿದ್ರು ಅಣ್ಣ. ನಾನೇನ್ ಮಾಡ್ಲಿ?”

ಅವನು ತಲೆಯಾಡಿಸಿದ. ಕಾಯಿಲೆಯಿಂದಲೋ, ಅರ್ಥವಾಗಿಯೋ ತಿಳಿಯಲಿಲ್ಲ.

ಮರುದಿನ ಇಬ್ಬರೂ ಸೇರಿ ಟ್ಯಾಂಕು ಕೂರಿಸಿದೆವು. ಬಿಚ್ಚುವುದಕ್ಕಿಂತ ಅದು ಕಷ್ಟ. ಅಡಿಯಲ್ಲಿ ವೈರು ಸಿಕ್ಕಿಕೊಳ್ಳಬಾರದು, ವಾಷರು ಜಾರಬಾರದು, ಬೋಲ್ಟು ತೀರಾ ಬಿಗಿಯಾದರೆ ಅದುರಿ ಅದುರಿ ತಗಡು ಸೀಳುತ್ತದೆ. ಕೊನೆಯ ಬೋಲ್ಟಿಗೆ ಸ್ಪ್ಯಾನರ್ ಇಸಿದುಕೊಂಡ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಜಾರಿದಾಗಲೆಲ್ಲ ಮತ್ತೆ ಕಚ್ಚಿಸಿಕೊಂಡು ಬಿಗಿಮಾಡಿದ. ಅರ್ಧ ಗಂಟೆಯಾಗಿರಬೇಕು. ನಾನು ಮುಟ್ಟಲಿಲ್ಲ. ಅತ್ತಿಗೆ ಹೊರಗೆ ಬರಲಿಲ್ಲ. ಎರಡು ಲೀಟರ್ ಪೆಟ್ರೋಲ್ ಹಾಕಿಸಿ, ನನ್ನಿಂದ ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ, “ಸಾಕು” ಎಂದ. ಶನಿವಾರದ ಫೋನುಗಳು ನಿಂತವು. ಏಳು ತಿಂಗಳಾದ ಮೇಲೆ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಗಾಡಿಯನ್ನು ಅವನು ಮತ್ತೆ ಹತ್ತಲೇ ಇಲ್ಲ.

ಇದೆಲ್ಲ ಆಗಿ ಎರಡು ವರ್ಷ. ಕಳೆದ ಭಾನುವಾರ ಟ್ಯಾಂಕು ಬಿಚ್ಚಿದಾಗ ಇಳಿದದ್ದು ಚಹಾದ ಬಣ್ಣದ ಪೆಟ್ರೋಲು. ಹೇಳಿಕೊಡುವವರಿಲ್ಲದಿದ್ದರೂ ಕೈಗೆ ನೆನಪಿತ್ತು. ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಮುಖ ನೋಡದೆ ಮಾತಾಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು ಎನ್ನಿಸಿತು.

“ಅತ್ತಿಗೆ, ಅವತ್ತು ಅಣ್ಣನ ಹತ್ರ ನಿಮ್ಮ ಹೆಸರು ಹೇಳ್ಬಿಟ್ಟೆ.”

“ಗೊತ್ತು. ಮನೆಗೆ ಬಂದು ಅವರೇ ಹೇಳಿದ್ರು.” ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. “ಅಷ್ಟು ದಿನ ನಾನೇ ಕಲಸಿ ತಿನ್ನಿಸ್ತಿದ್ದೆ. ಅವತ್ತು ರಾತ್ರಿ ತಟ್ಟೆ ತನ್ನ ಕಡೆ ಎಳ್ಕೊಂಡ್ರು. ಆಮೇಲೆ ಕೊನೇವರೆಗೂ ಸ್ಪೂನಲ್ಲೇ. ಅರ್ಧ ಅನ್ನ ಶರ್ಟ್ ಮೇಲೆ, ಅರ್ಧ ನೆಲದ ಮೇಲೆ. ನಾನು ಒರೆಸ್ತಿದ್ದೆ. ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ.”

ಏನಾದರೂ ಹೇಳಬೇಕಿತ್ತು. ಖಾಲಿ ಟ್ಯಾಂಕನ್ನು ಹೊರಗೇ ಇಡೋಣವೇ ಎಂದು ಕೇಳಿದೆ. “ಬೇಡ, ಹಾಕು” ಎಂದರು. ಮುಂದಿನ ಎರಡು ಬೋಲ್ಟು ಹಾಕಿದ ಮೇಲೆ ಎದ್ದು ಬಂದು ಪಕ್ಕದಲ್ಲಿ ಕೂತು, “ಇದು ಹೆಂಗೆ, ತೋರ್ಸು” ಎಂದರು. ವಾಷರು ಕೂರಿಸುವುದನ್ನು, ಎಷ್ಟು ಬಿಗಿ ಸಾಕು ಎನ್ನುವುದನ್ನು ತೋರಿಸಿದೆ. ಹಿಂದಿನ ಬೋಲ್ಟನ್ನು ಅವರೇ ತಿರುಗಿಸಿದರು. ಕೈ ನಡುಗಲಿಲ್ಲ.

“ಇನ್ನು ಇದಕ್ಕೆಲ್ಲ ನಿನ್ನ ಕರೆಯೋ ಹಾಗಿಲ್ಲ ಬಿಡು” ಎಂದು ಸ್ಪ್ಯಾನರನ್ನು ನನ್ನ ಕೈಗೆ ಕೊಡದೆ ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕ್ಷಮೆಯನ್ನಾದರೂ ಕೇಳಿ ಬರುತ್ತಿದ್ದೆ.

ಇವತ್ತು ಮತ್ತೆ ಭಾನುವಾರ. ಅತ್ತಿಗೆ ಕರೆದಿಲ್ಲ. ಆದರೂ ಹೊರಟಿದ್ದೇನೆ. ಮಾತು ಬಾರದಿದ್ದರೆ ಜೊತೆಯಲ್ಲಿ ಕೂತು ಊಟ ಮಾಡಿ ಬರುತ್ತೇನೆ, ಅವರು ಬಡಿಸಿದರೆ.